ಕಡಿಮೆ ಕಾರ್ಬ್, ಹೆಚ್ಚು ನಾರಿನ ಮಫಿನ್: ಒಳಗೆ ಅಂಟಂಟಾಗುವುದೇಕೆ, ಲೆಕ್ಕ ಹಾಕುವುದು ಹೇಗೆ?

ಬೆಣ್ಣೆನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಮ್ಮ ಯಜಮಾನರಿಗೆ ಟೈಪ್ 2 ಮಧುಮೇಹವಿದೆ. ಕೆಲವು ತಿಂಗಳಿಂದ ಅನ್ನ, ರೊಟ್ಟಿ, ದೋಸೆಗಳನ್ನೆಲ್ಲ ಬಿಟ್ಟು ಕಾರ್ಬೋಹೈಡ್ರೇಟನ್ನು (ಕಾರ್ಬ್) ತೀರಾ ಕಡಿಮೆ ಮಾಡಿ ಕೊಬ್ಬು ಹೆಚ್ಚಿಸುವ ಕೀಟೊ ಪಥ್ಯ ಹಿಡಿದಿದ್ದಾರೆ. ಊಟದ ಹೊತ್ತಿಗೆ ಸೊಪ್ಪಿನ ಪಲ್ಯ, ಪನೀರ್, ಮೊಟ್ಟೆ ಎಂದು ಹೇಗೋ ನಡೆಯುತ್ತದೆ. ಕಷ್ಟವಾಗುವುದು ಸಂಜೆಯ ಚಹಾಕ್ಕೆ ಏನು ಕೊಡಬೇಕೆಂಬುದು. ಪಥ್ಯ ಶುರುವಾದಾಗಿನಿಂದ ಮಲಬದ್ಧತೆಯೂ ಕಾಡುತ್ತಿರುವುದರಿಂದ, ನಾರು ಹೆಚ್ಚಿರುವ ಮಫಿನ್ ಮನೆಯಲ್ಲೇ ಮಾಡಿಕೊಟ್ಟರೆ ಎರಡಕ್ಕೂ ಅನುಕೂಲವಾದೀತೆಂದು ಬಾದಾಮಿ ಹಿಟ್ಟು, ತೆಂಗಿನ ಹಿಟ್ಟು, ಇಸಬಗೋಲು, ಮೊಟ್ಟೆ ಸೇರಿಸಿ ಓಟಿಜಿಯಲ್ಲಿ ಬೇಯಿಸುತ್ತಿದ್ದೇನೆ.

ಓವನ್ನಿನಲ್ಲಿ ಚೆನ್ನಾಗಿ ಉಬ್ಬುತ್ತವೆ, ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಹೊರಗೆ ತೆಗೆದ ಮೇಲೆ ನಡುವೆ ಕುಸಿಯುತ್ತವೆ. ಮುರಿದು ನೋಡಿದರೆ ಒಳಗೆ ಅಂಟಂಟಾಗಿ, ಹಲ್ಲಿಗೆ ಹತ್ತಿಕೊಳ್ಳುವಂತೆ ಇರುತ್ತದೆ. ಇನ್ನಷ್ಟು ಹೊತ್ತು ಬೇಯಿಸಿದರೆ ಮೇಲೆ ಸೀಯುತ್ತದೆಯೇ ಹೊರತು ಒಳಗಿನ ಹಸಿ ಹೋಗುವುದಿಲ್ಲ. ಮೊಟ್ಟೆಯ ವಾಸನೆಯೂ ಎದ್ದು ಬರುತ್ತದೆ.

ಇದಲ್ಲದೆ ಇನ್ನೆರಡು ವಿಷಯ ಕೇಳಬೇಕಿದೆ. ಒಂದು, ಪೊಟ್ಟಣದ ಮೇಲೆ ಬರೆದ ಕಾರ್ಬೋಹೈಡ್ರೇಟಿನಲ್ಲಿ ನಾರನ್ನು ಕಳೆಯಬೇಕೋ ಬೇಡವೋ ಎಂಬುದು. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಇನ್ನೊಂದು, ನಮ್ಮ ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ, ಅವರೂ ತಿನ್ನುವಂತೆ ಮೊಟ್ಟೆಯಿಲ್ಲದೆ ಮಾಡುವ ಕ್ರಮವಿದೆಯೇ? ಸ್ವಲ್ಪ ರಾಗಿ ಹಿಟ್ಟು ಬೆರೆಸಿದರೆ ನಾರೂ ಸಿಕ್ಕಿ ಹದವೂ ಬರುತ್ತದೆ ಎಂದು ನೆಂಟರೊಬ್ಬರು ಹೇಳಿದರು. ಅದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಒಲೆಯ_ಪಕ್ಕ

ನಮಸ್ಕಾರ. ತಾವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಮುಖ್ಯ ಕಾರಣ ಇಸಬಗೋಲು, ಅದರ ಬೆನ್ನಿಗೆ ಓವನ್ನಿನ ಉರಿ. ಮೊದಲಿಗೆ ಈ ಹಿಟ್ಟುಗಳ ಸ್ವಭಾವವನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ತಿಳಿದರೆ ಯಾವ ಪಾಕಕ್ರಮವನ್ನಾದರೂ ತಾವೇ ತಿದ್ದಿಕೊಳ್ಳಬಹುದು.

ಮೈದಾ ಅಥವಾ ಗೋಧಿಯ ಮಫಿನ್ ನಿಲ್ಲುವುದು ಎರಡು ಆಧಾರಗಳ ಮೇಲೆ. ಗ್ಲುಟೆನ್ ಎಂಬ ಪ್ರೋಟೀನಿನ ಜಾಲ ಗಾಳಿಯನ್ನು ಹಿಡಿದಿಡುತ್ತದೆ, ಪಿಷ್ಟವು ಬಿಸಿಗೆ ನೀರನ್ನು ಹೀರಿ ಉಬ್ಬಿ, ತಣ್ಣಗಾದಾಗ ಗಟ್ಟಿಯಾಗುತ್ತದೆ. ಬಾದಾಮಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಪಿಷ್ಟವೂ ಹೆಸರಿಗಷ್ಟೇ. ಅದರ ಅರ್ಧದಷ್ಟು ತೂಕ ಬರೀ ಕೊಬ್ಬು. ಹೀಗಾಗಿ ಮಫಿನ್ನನ್ನು ಎತ್ತಿ ನಿಲ್ಲಿಸುವ ಭಾರವೆಲ್ಲ ಮೊಟ್ಟೆಯ ಮೇಲೆ ಬೀಳುತ್ತದೆ. ಮೊಟ್ಟೆ ಪೂರ್ತಿ ಗಟ್ಟಿಯಾಗುವ ಮುನ್ನವೇ ಹೊರಗೆ ತೆಗೆದರೆ, ಬೇಕಿಂಗ್ ಪೌಡರ್ ಎಬ್ಬಿಸಿದ ಗಾಳಿ ಇಳಿದುಹೋಗಿ ನಡುಭಾಗ ಕುಸಿಯುತ್ತದೆ.

ಇಸಬಗೋಲಿನ ಹೊಟ್ಟು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದು ಲೋಳೆಯಾಗುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿದರೆ, ಲೋಟ ಓರೆ ಮಾಡಿದಾಗ ನೀರು ಹರಿಯದೆ ಒಂದೇ ಮುದ್ದೆಯಾಗಿ ಜಾರುತ್ತದೆ. ಮಫಿನ್ನಿನ ಒಳಗೂ ಇದೇ ನಡೆಯುತ್ತದೆ. ಹಿಡಿದ ನೀರನ್ನು ಅದು ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಪ್ರಮಾಣ ಸ್ವಲ್ಪ ಮೀರಿದರೂ ಎಷ್ಟು ಬೇಯಿಸಿದರೂ ಒಳಗೆ ಅಂಟು ಉಳಿಯುತ್ತದೆ. ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ: ಔಷಧದ ಅಂಗಡಿಯಲ್ಲಿ ಸಿಗುವುದು ಹಗುರವಾದ ಹೊಟ್ಟು, ಕೆಲವರು ಮಾರುವುದು ನುಣ್ಣಗೆ ಬೀಸಿದ ಪುಡಿ. ಒಂದೇ ಚಮಚದಲ್ಲಿ ಅಳೆದರೂ ಪುಡಿ ಹೊಟ್ಟಿಗಿಂತ ಬಹಳ ಹೆಚ್ಚು ತೂಗುತ್ತದೆ. ಹಾಗಾಗಿ ಚಮಚ, ಕಪ್ಪುಗಳ ಅಳತೆಯನ್ನು ಬಿಟ್ಟು ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುವುದನ್ನು ರೂಢಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ತೆಂಗಿನ ಹಿಟ್ಟೂ ಇದೇ ಜಾತಿಯದು. ಬಾದಾಮಿ ಹಿಟ್ಟಿನ ಬದಲಿಗೆ ಹಾಕುವುದಾದರೆ ಅದರ ಕಾಲುಭಾಗ ಸಾಕು.

ನಾನು ಆರು ಮಫಿನ್ನುಗಳ ತಟ್ಟೆಗೆ ಬಳಸುವ ಪ್ರಮಾಣ ಹೀಗಿದೆ. ಬಾದಾಮಿ ಹಿಟ್ಟು 120 ಗ್ರಾಂ, ತೆಂಗಿನ ಹಿಟ್ಟು 15 ಗ್ರಾಂ, ಆಗತಾನೆ ಪುಡಿ ಮಾಡಿದ ಅಗಸೆ ಬೀಜ 20 ಗ್ರಾಂ, ಇಸಬಗೋಲಿನ ಹೊಟ್ಟು 6 ಗ್ರಾಂ, ಬೇಕಿಂಗ್ ಪೌಡರ್ 6 ಗ್ರಾಂ, ಚಿಟಿಕೆ ಉಪ್ಪು. ಇವನ್ನು ಒಟ್ಟಿಗೆ ಜರಡಿ ಹಿಡಿದು ಅಥವಾ ಕೈಯಿಂದ ಗಂಟಿಲ್ಲದಂತೆ ಬೆರೆಸಿಟ್ಟುಕೊಳ್ಳಬೇಕು. ಇನ್ನೊಂದು ಪಾತ್ರೆಯಲ್ಲಿ ಮೂರು ಮೊಟ್ಟೆ, 60 ಗ್ರಾಂ ಗಟ್ಟಿ ಮೊಸರು, ಕರಗಿಸಿ ಆರಿಸಿದ 50 ಗ್ರಾಂ ಬೆಣ್ಣೆ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದ 50 ಗ್ರಾಂ ಎರಿಥ್ರಿಟಾಲ್ (ಸಕ್ಕರೆಗೆ ಬದಲಾಗಿ ಬಳಸುವ ಸಿಹಿಕಾರಕ) ಹಾಕಿ ಚೆನ್ನಾಗಿ ಕಡೆಯಬೇಕು. ಏಲಕ್ಕಿ ಪುಡಿಯನ್ನೂ ತುರಿದ ನಿಂಬೆ ಸಿಪ್ಪೆಯನ್ನೂ ಧಾರಾಳವಾಗಿ ಸೇರಿಸಿದರೆ ಮೊಟ್ಟೆಯ ವಾಸನೆ ಅಡಗುತ್ತದೆ. ಮೊಟ್ಟೆಗಳನ್ನು ಫ್ರಿಜ್ಜಿನಿಂದ ಮೊದಲೇ ಹೊರಗಿಟ್ಟಿರಬೇಕು; ತಣ್ಣನೆಯ ಮೊಟ್ಟೆಗೆ ಬೆಣ್ಣೆ ಬಿದ್ದರೆ ಹರಳುಗಟ್ಟುತ್ತದೆ.

ಒದ್ದೆಯನ್ನು ಒಣಹಿಟ್ಟಿಗೆ ಸೇರಿಸಿದ ಮೇಲೆ ಹತ್ತು ನಿಮಿಷ ಹಾಗೆಯೇ ಬಿಡುವುದು ಬಹಳ ಮುಖ್ಯ. ಮೊದಲಿಗೆ ನೀರಾಗಿ ಕಂಡ ಹಿಟ್ಟು ಅಷ್ಟರಲ್ಲಿ ಉದ್ದಿನವಡೆಯ ಹಿಟ್ಟಿನಷ್ಟು ಗಟ್ಟಿಯಾಗಿರುತ್ತದೆ. ಚಮಚದಿಂದ ಬೀಳಿಸಿದರೆ ದಪ್ಪನಾಗಿ ಬೀಳಬೇಕು, ಹರಿಯಬಾರದು. ತೀರಾ ಬಿಗಿಯಾಗಿದ್ದರೆ ಮಾತ್ರ ಒಂದೆರಡು ಚಮಚ ನೀರು ಸಾಕು. ಗಡಿಬಿಡಿಯಲ್ಲಿ ನೀರಾಗಿರುವಾಗಲೇ ತಟ್ಟೆಗೆ ಸುರಿದರೆ ನಾರು ತಳಕ್ಕಿಳಿಯುತ್ತದೆ, ಮೇಲೆ ಮೊಟ್ಟೆ ತೇಲುತ್ತದೆ.

ಓವನ್ನಿನ ವಿಷಯಕ್ಕೆ ಬಂದರೆ, ಬಾದಾಮಿ ಹಿಟ್ಟು ಬೇಗ ಕಂದಾಗುತ್ತದೆ. ಮೇಲೆ ಬಣ್ಣ ಬಂದ ಮಾತ್ರಕ್ಕೆ ಒಳಗೆ ಬೆಂದಿದೆ ಎಂದುಕೊಳ್ಳುವಂತಿಲ್ಲ. ನಮ್ಮ ಮನೆಗಳ ಚಿಕ್ಕ ಓಟಿಜಿಗಳಲ್ಲಿ ಮೇಲಿನ ಕಂಬಿ ಮಫಿನ್ನಿಗೆ ತೀರಾ ಹತ್ತಿರವಿರುವುದರಿಂದ ಸೀಯುವುದು ಸಹಜ. ತಟ್ಟೆಯನ್ನು ನಡುವಿನ ಅಥವಾ ಕೆಳಗಿನ ಅಂತಸ್ತಿನಲ್ಲಿಟ್ಟು, 165 ಡಿಗ್ರಿ ಸೆಲ್ಸಿಯಸ್‌ನಲ್ಲಿ 28ರಿಂದ 32 ನಿಮಿಷ ಬೇಯಿಸಿ. ಇಪ್ಪತ್ತು ನಿಮಿಷ ಕಳೆಯುವವರೆಗೆ ಬಾಗಿಲು ತೆರೆಯಬೇಡಿ, ಆಮೇಲೆ ಬಣ್ಣ ಸಾಕಾಗಿದ್ದರೆ ಮೇಲೆ ಅಲ್ಯುಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ. ಕಡ್ಡಿ ಚುಚ್ಚಿ ನೋಡುವುದರ ಜತೆಗೆ ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಿ ನೋಡಿ. ತಗ್ಗು ಉಳಿಯದೆ ಮೇಲೇಳಬೇಕು. ತೆಗೆದ ಮೇಲೆ ಐದು ನಿಮಿಷಕ್ಕೇ ಅಚ್ಚಿನಿಂದ ಬಿಡಿಸಿ ಜಾಲರಿಯ ಮೇಲಿಡಬೇಕು, ಇಲ್ಲವಾದರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ. ಪೂರ್ತಿ ಆರುವ ಮುನ್ನ ಮುರಿಯಬಾರದು. ಇಸಬಗೋಲಿನ ಅಂಟು ಬಿಸಿಯಲ್ಲಿ ಇರುವುದಕ್ಕಿಂತ ಆರಿದ ಮೇಲೆ ಬಹಳ ಕಡಿಮೆಯಾಗುತ್ತದೆ.

ಸಿಹಿಯ ಬಗ್ಗೆ ಒಂದು ಮಾತು. ಎರಿಥ್ರಿಟಾಲ್ ಸಕ್ಕರೆಯ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ ಸಿಹಿ. ತಣ್ಣಗಾದಾಗ ಮತ್ತೆ ಹರಳಾಗಿ ನಾಲಿಗೆಗೆ ತಂಪು ತಟ್ಟುವುದು ಅದರ ಗುಣ, ಪುಡಿ ಮಾಡಿ ಬಳಸಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅದರ ಬದಲು ಬರೀ ಸ್ಟೀವಿಯಾ ಹನಿಗಳನ್ನು ಹಾಕಿದರೆ ಹಿಟ್ಟಿನಿಂದ 50 ಗ್ರಾಂ ತೂಕವೇ ಮಾಯವಾಗುತ್ತದೆ, ಮಫಿನ್ ಚಿಕ್ಕದಾಗಿ ಬಿಗಿಯಾಗುತ್ತದೆ; ಆಗ ಎರಡು ಚಮಚ ಬಾದಾಮಿ ಹಿಟ್ಟು ಹೆಚ್ಚಿಗೆ ಹಾಕಿಕೊಳ್ಳಿ. ‘ಶುಗರ್ ಫ್ರೀ’ ಎಂದು ಬರೆದ ಕೆಲವು ಸಿಹಿಗಳಲ್ಲಿ ಮಾಲ್ಟಿಟಾಲ್ ಇರುತ್ತದೆ. ಅದು ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಹಿಂಬದಿಯ ಸಣ್ಣಕ್ಷರಗಳನ್ನು ಓದಿಯೇ ಕೊಳ್ಳಬೇಕು. ಮನೆಯಲ್ಲಿ ನಾಯಿ ಇದ್ದರೆ ಝೈಲಿಟಾಲ್ ಎಂಬ ಸಿಹಿಕಾರಕವನ್ನು ತರಲೇಬೇಡಿ, ನಾಯಿಗಳಿಗೆ ಅದು ಪ್ರಾಣಾಂತಿಕ ವಿಷ.

ಪಥ್ಯಾಹಾರ_ಮೈಸೂರು

ಮೇಲಿನ ಪಾಕಕ್ರಮ ಸೊಗಸಾಗಿದೆ. ನಾನು ಪಥ್ಯಾಹಾರದ ಕ್ಷೇತ್ರದಲ್ಲಿ ಕೆಲಸ ಮಾಡುವುದರಿಂದ ಲೆಕ್ಕದ ಬಗ್ಗೆಯೂ, ತಾವು ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ವಿಷಯದ ಬಗ್ಗೆಯೂ ಬರೆಯುತ್ತೇನೆ.

ಅಮೆರಿಕದ ಪೊಟ್ಟಣಗಳಲ್ಲಿ ಒಟ್ಟು ಕಾರ್ಬೋಹೈಡ್ರೇಟಿನ ಒಳಗೆ ನಾರೂ ಸೇರಿರುತ್ತದೆ, ಅಲ್ಲಿ ಕಳೆಯಬೇಕು. ಬ್ರಿಟನ್ ಮತ್ತು ಯುರೋಪಿನ ಪೊಟ್ಟಣಗಳಲ್ಲಿ ನಾರನ್ನು ಹೊರಗಿಟ್ಟೇ ಕಾರ್ಬೋಹೈಡ್ರೇಟನ್ನು ನಮೂದಿಸುತ್ತಾರೆ, ಅಲ್ಲಿ ಇನ್ನೊಮ್ಮೆ ಕಳೆದರೆ ಲೆಕ್ಕ ತಪ್ಪುತ್ತದೆ. ನಮ್ಮ ಅಂಗಡಿಗಳಲ್ಲಿ ಎರಡೂ ಬಗೆಯ ಸರಕು ಸಿಗುವುದರಿಂದಲೇ ಒಬ್ಬೊಬ್ಬರು ಒಂದೊಂದು ಹೇಳುವುದು. ಒಣ ಹಿಟ್ಟುಗಳ ವಿಷಯದಲ್ಲಿ ಇದನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. 100 ಗ್ರಾಮಿಗೆ ಕೊಟ್ಟಿರುವ ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟ್, ನಾರು ಈ ನಾಲ್ಕನ್ನೂ ಕೂಡಿಸಿ ನೋಡಿ. ಬಾದಾಮಿ ಹಿಟ್ಟಿನ ಮೇಲೆ ಪ್ರೋಟೀನ್ 21, ಕೊಬ್ಬು 50, ಕಾರ್ಬೋಹೈಡ್ರೇಟ್ 21, ನಾರು 11 ಎಂದಿದ್ದರೆ ಮೊತ್ತ 103 ಆಗುತ್ತದೆ. ನೂರು ಗ್ರಾಂ ಹಿಟ್ಟಿನಲ್ಲಿ 103 ಗ್ರಾಂ ಸರಕು ಇರಲಾರದು, ಅದರಲ್ಲಿ ತೇವಾಂಶವೂ ಇರಬೇಕಲ್ಲವೇ? ಎಂದರೆ 21ರ ಒಳಗೇ 11 ಸೇರಿದೆ. ಕಳೆದಾಗ ಉಳಿಯುವ 10 ಗ್ರಾಂ ತಮ್ಮ ಯಜಮಾನರ ಲೆಕ್ಕಕ್ಕೆ ಬರುವ ಕಾರ್ಬ್. ಮೊತ್ತವು ನೂರರೊಳಗೇ, ತೇವಾಂಶಕ್ಕೆ ಜಾಗ ಬಿಟ್ಟು ನಿಂತರೆ ನಾರನ್ನು ಬೇರೆಯಾಗಿ ತೋರಿಸಿದ್ದಾರೆ ಎಂದು ತಿಳಿಯಬಹುದು.

ಈ ಕ್ರಮದಲ್ಲಿ ‘ಒಲೆಯ ಪಕ್ಕ’ದವರ ಮಫಿನ್ನನ್ನು ಕೂಡಿಸಿ ನೋಡಿದೆ. ಬಾದಾಮಿ ಹಿಟ್ಟಿನಿಂದ ಸುಮಾರು 12 ಗ್ರಾಂ, ತೆಂಗಿನ ಹಿಟ್ಟಿನಿಂದ 3, ಮೊಸರಿನಿಂದ ಎರಡೂವರೆ, ಮೊಟ್ಟೆಯಿಂದ ಒಂದೂವರೆ, ಬೇಕಿಂಗ್ ಪೌಡರಿನ ಪಿಷ್ಟದಿಂದ ಇನ್ನೊಂದು ಒಂದೂವರೆ, ಉಳಿದವುಗಳಿಂದ ಒಂದು ಗ್ರಾಮಿನೊಳಗೆ. ಎಲ್ಲ ಸೇರಿ 21 ಗ್ರಾಂ ಆಸುಪಾಸು. ಆರಕ್ಕೆ ಹಂಚಿದರೆ ಒಂದಕ್ಕೆ ಮೂರೂವರೆ ಗ್ರಾಂ ಕಾರ್ಬ್, ಸುಮಾರು ಐದು ಗ್ರಾಂ ನಾರು. ದಿನಕ್ಕೆ 20ರಿಂದ 50 ಗ್ರಾಂ ಒಳಗೆ ಕಾರ್ಬ್ ಇರಬೇಕೆನ್ನುವ ಪಥ್ಯಕ್ಕೆ ಇದು ಧಾರಾಳವಾಗಿ ಹೊಂದುತ್ತದೆ.

ರಾಗಿಯ ಸಲಹೆಯನ್ನು ದಯವಿಟ್ಟು ಕೈಬಿಡಿ. ರಾಗಿ ಒಳ್ಳೆಯ ಧಾನ್ಯ, ಅದರ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕದಂತೆ, 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರಿದ್ದರೂ ಅದನ್ನು ಬಿಟ್ಟೇ 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. 30 ಗ್ರಾಂ ಹಿಟ್ಟು ಹಾಕಿದರೆ ಆರೂ ಮಫಿನ್ನುಗಳ ಕಾರ್ಬ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಾರು ಹೆಚ್ಚಿರುವುದೆಲ್ಲ ಕಾರ್ಬ್ ಕಡಿಮೆ ಇರುವುದಲ್ಲ. ನವಣೆ, ಓಟ್ಸ್, ಸಜ್ಜೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನಾರನ್ನು ಒಮ್ಮೆಲೇ ಹೆಚ್ಚಿಸದೆ ಮೊದಲ ವಾರ ದಿನಕ್ಕೆ ಒಂದೇ ಮಫಿನ್ ಕೊಡಿ, ಜತೆಗೆ ನೀರು ಚೆನ್ನಾಗಿ ಕುಡಿಯಲು ಹೇಳಿ. ನೀರು ಕಡಿಮೆಯಾದರೆ ಇಸಬಗೋಲು ಮಲಬದ್ಧತೆಯನ್ನು ಹೆಚ್ಚಿಸುತ್ತದೆಯೇ ಹೊರತು ನೀಗುವುದಿಲ್ಲ. ಇಸಬಗೋಲಿನ ಲೋಳೆಯು, ನುಂಗಿದ ಮಾತ್ರೆಗಳು ರಕ್ತಕ್ಕೆ ಸೇರುವುದನ್ನು ತಡ ಮಾಡಬಲ್ಲದು. ಆದಕಾರಣ ಮಾತ್ರೆಗೂ ಮಫಿನ್ನಿಗೂ ನಡುವೆ ಎರಡು ಗಂಟೆಯ ಅಂತರವಿರಲಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಎರಿಥ್ರಿಟಾಲ್ ಬಗ್ಗೆಯೂ ಹೇಳಬೇಕು. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಾಗಿ ಕಂಡುಬಂದವೆಂದು 2023ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನಮ್ಮ ದೇಹವೂ ಎರಿಥ್ರಿಟಾಲನ್ನು ಸ್ವಲ್ಪ ತಯಾರಿಸುವುದರಿಂದ, ತಿಂದದ್ದೇ ಅದಕ್ಕೆ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೂ ಹೃದಯದ ತೊಂದರೆ ಇರುವವರಿಗೆ ನಾನು ಅದನ್ನು ದಿನನಿತ್ಯ ಕೊಡಲು ಹೇಳುವುದಿಲ್ಲ, ಸಿಹಿಯನ್ನೇ ಕಡಿಮೆ ಮಾಡಿ ಎನ್ನುತ್ತೇನೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ತಮ್ಮ ಯಜಮಾನರು ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ? ಕೀಟೊ ಪಥ್ಯ ಹಿಡಿದಿರುವುದು ಅವರ ವೈದ್ಯರಿಗೆ ತಿಳಿದಿದೆಯೇ? ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಕಾರ್ಬ್ ಇಳಿಸಿದಾಗ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಮುಂತಾದ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳ ಅಪಾಯ ಬೇರೆ ಬಗೆಯದು. ಅವುಗಳೊಂದಿಗೆ ಕೀಟೊ ಮಾಡಿದರೆ, ರಕ್ತದ ಸಕ್ಕರೆ ಅಷ್ಟೇನೂ ಏರದಿದ್ದರೂ ಕೊಬ್ಬು ಕರಗುವಾಗ ಹುಟ್ಟುವ ಕೀಟೋನುಗಳೆಂಬ ಆಮ್ಲಗಳು ತುಂಬಿಕೊಂಡು ರಕ್ತ ಆಮ್ಲೀಯವಾಗುವ ಸಂಭವವಿದೆ. ವಾಕರಿಕೆ, ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಜೋರಾದ ಉಸಿರಾಟ ಇದರ ಲಕ್ಷಣಗಳು. ಗ್ಲುಕೋಮೀಟರಿನಲ್ಲಿ ಅಂಕಿ ಸರಿಯಾಗಿ ಕಾಣುವುದರಿಂದ ಮನೆಯವರು ಅಜೀರ್ಣವೆಂದು ಸುಮ್ಮನಿದ್ದುಬಿಡುತ್ತಾರೆ. ದಯವಿಟ್ಟು ಇದನ್ನು ಲಘುವಾಗಿ ಪರಿಗಣಿಸಬೇಡಿ.

ಅಗಸಿ_ಹಿಂಡಿ

ಮೊಟ್ಟೆಯಿಲ್ಲದ ಕ್ರಮದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಮ್ಮದು ಧಾರವಾಡ. ಅಗಸಿ, ಶೇಂಗಾ, ಗುರೆಳ್ಳು ನಮ್ಮ ಅಡುಗೆಮನೆಯಲ್ಲಿ ಸದಾ ಇರುವ ಕಾಳುಗಳು, ಕಡಿಮೆ ಕಾರ್ಬಿನ ಅಡುಗೆಗೆ ಇವಕ್ಕಿಂತ ಒಳ್ಳೆಯ ಸಾಮಾನು ಹೊರಗೆ ಹುಡುಕುವ ಅಗತ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಗಸಿಯಲ್ಲಿ 100 ಗ್ರಾಮಿಗೆ 27 ಗ್ರಾಂ ನಾರಿದೆ, ನಾರನ್ನು ಕಳೆದರೆ ಉಳಿಯುವ ಕಾರ್ಬ್ ಎರಡು ಗ್ರಾಮಿನಷ್ಟೂ ಇಲ್ಲ. ಬಾದಾಮಿಯ ಬೆಲೆ ಭಾರವೆನಿಸುವವರು ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಪುಡಿ ಮಾಡಿಕೊಳ್ಳಬಹುದು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ; ಪುಡಿ ಮಾಡುವಾಗಲೇ ಒಂದೆರಡು ಚಮಚ ಅಗಸಿ ಪುಡಿ ಸೇರಿಸಿದರೆ ಆ ತೊಂದರೆ ಇರುವುದಿಲ್ಲ. ಶೇಂಗಾದ ಕಾರ್ಬ್ ಬಾದಾಮಿಯದರ ಹತ್ತಿರವೇ ಇದೆ, ಹೆಚ್ಚಿಲ್ಲ. ತೆಂಗಿನ ಹಿಟ್ಟನ್ನೂ ಕೊಳ್ಳಬೇಕಾಗಿಲ್ಲ, ಕಾಯಿಹಾಲು ಹಿಂಡಿ ಉಳಿದ ಚರಟವನ್ನು ಸಣ್ಣ ಉರಿಯಲ್ಲಿ ಅಥವಾ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಬೀಸಿದರೆ ಆಯಿತು. ಅದರಲ್ಲಿ ಕೊಬ್ಬು ಹೆಚ್ಚು ಉಳಿದಿರುವುದರಿಂದ ಅಂಗಡಿಯದರಷ್ಟು ನೀರು ಕುಡಿಯುವುದಿಲ್ಲ.

ಮೊಟ್ಟೆ ಇಲ್ಲದಿರುವಾಗ ಹಿಟ್ಟನ್ನು ಕಟ್ಟುವ ಕೆಲಸವನ್ನು ಅಗಸಿ ಮತ್ತು ಇಸಬಗೋಲಿನ ಲೋಳೆಗೇ ಕೊಡಬೇಕಾಗುತ್ತದೆ. ಆದರೆ ಲೋಳೆ ಮೊಟ್ಟೆಯಂತೆ ಬಿಸಿಗೆ ಗಟ್ಟಿಯಾಗುವುದಿಲ್ಲ, ಹಾಗಾಗಿ ಬಿಸಿಗೆ ಗಟ್ಟಿಯಾಗುವ ಬೇರೊಂದು ಪ್ರೋಟೀನ್ ಬೇಕು. ಸಿಹಿಯೂ ಪರಿಮಳವೂ ಇಲ್ಲದ, ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಅದಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. 120 ಗ್ರಾಂ ಶೇಂಗಾ ಅಥವಾ ಬಾದಾಮಿ ಪುಡಿಗೆ 25 ಗ್ರಾಂ ಅಗಸಿ ಪುಡಿ, 25 ಗ್ರಾಂ ವೇ ಪ್ರೋಟೀನ್, 8 ಗ್ರಾಂ ಇಸಬಗೋಲು, 6 ಗ್ರಾಂ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ ಬೆರೆಸಿ. 150 ಗ್ರಾಂ ಮೊಸರಿಗೆ 60 ಗ್ರಾಂ ಪನೀರ್ ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, 40 ಗ್ರಾಂ ತುಪ್ಪ, ಸಿಹಿ ಸೇರಿಸಿ ಕಲಸಿ. ಮೊಸರಿನ ಹುಳಿ ಸೋಡಾವನ್ನು ಎಬ್ಬಿಸುವುದರಿಂದ, ಕಲಸಿದ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬಾರದು. 160 ಡಿಗ್ರಿಯಲ್ಲಿ 35 ನಿಮಿಷವಾದರೂ ಬೇಕು. ಮೊಟ್ಟೆಯದರಷ್ಟು ಹಗುರವಾಗಿರುವುದಿಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು; ಆದರೆ ರುಚಿಯಲ್ಲಿ ಕಡಿಮೆಯೇನಿಲ್ಲ.

ತಾವು ದಾವಣಗೆರೆಯವರೆಂದು ಹೆಸರಿನಿಂದ ಊಹಿಸುತ್ತೇನೆ. ಮನೆಯಲ್ಲಿ ಪಡ್ಡಿನ ಹಂಚು ಇದ್ದರೆ ಇದೇ ಹಿಟ್ಟನ್ನು ಅದರಲ್ಲಿ ಹಾಕಿ ನೋಡಿ. ಕುಳಿಗೆ ತುಪ್ಪ ಸವರಿ, ಮುಕ್ಕಾಲು ತುಂಬಿಸಿ, ಮುಚ್ಚಳ ಮುಚ್ಚಿ ಅತಿ ಸಣ್ಣ ಉರಿಯಲ್ಲಿ ಬೇಯಿಸಿ ತಿರುವಿ ಹಾಕಬೇಕು. ಗಾತ್ರ ಚಿಕ್ಕದಿರುವುದರಿಂದ ನಡುವಿನವರೆಗೂ ಬೇಯುತ್ತದೆ, ಅಂಟಿನ ಸಮಸ್ಯೆಯೇ ಬರುವುದಿಲ್ಲ. ಸಿಹಿ ಬಿಟ್ಟು ಹಸಿಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ ಹಾಕಿದರೆ ಅತ್ತೆಯವರಿಗೂ ಹಿಡಿಸೀತು, ಸಿಹಿಕಾರಕಗಳ ಚಿಂತೆಯೂ ಇಲ್ಲ.

ಬೆಣ್ಣೆನಗರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾನು ಬಳಸುತ್ತಿರುವುದು ಇಸಬಗೋಲಿನ ಹೊಟ್ಟಲ್ಲ, ಪುಡಿ; ಚಮಚದಲ್ಲೇ ಅಳೆಯುತ್ತಿದ್ದೆ. ಕಾರಣ ಈಗ ಅರ್ಥವಾಯಿತು.

ಮೈಸೂರಿನವರು ಕೇಳಿದ್ದಕ್ಕೆ ಯಜಮಾನರ ಮಾತ್ರೆಯ ಹಾಳೆ ತೆಗೆದು ನೋಡಿದೆ. ಮೆಟ್‌ಫಾರ್ಮಿನ್ ಜತೆಗೆ ಡಪಾಗ್ಲಿಫ್ಲೋಝಿನ್ ಇದೆ. ಪಥ್ಯದ ವಿಷಯ ವೈದ್ಯರಿಗೆ ತಿಳಿಸಿಲ್ಲವೆಂದು ಅವರೇ ಹೇಳಿದರು. ಸದ್ಯಕ್ಕೆ ವಾಂತಿ, ವಾಕರಿಕೆ ಏನೂ ಇಲ್ಲ. ಮಾತ್ರೆಯನ್ನು ಇಂದಿನಿಂದಲೇ ನಿಲ್ಲಿಸಬೇಕೇ?

ಪಥ್ಯಾಹಾರ_ಮೈಸೂರು

ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಆದರೆ ಇಂದೇ ವೈದ್ಯರಿಗೆ ದೂರವಾಣಿ ಮಾಡಿ. ‘ಡಪಾಗ್ಲಿಫ್ಲೋಝಿನ್ ತೆಗೆದುಕೊಳ್ಳುತ್ತಿದ್ದಾರೆ, ಅನ್ನ ರೊಟ್ಟಿ ಪೂರ್ತಿ ಬಿಟ್ಟಿದ್ದಾರೆ’ ಎಂಬ ಎರಡು ಮಾತನ್ನು ಸ್ಪಷ್ಟವಾಗಿ ಹೇಳಿ. ಮಾತ್ರೆ ಬದಲಿಸಬೇಕೋ, ಪಥ್ಯವನ್ನು ಸಡಿಲಿಸಬೇಕೋ ಎಂಬುದನ್ನು ಅವರೇ ನಿರ್ಧರಿಸಬೇಕು. ಅವರೊಂದಿಗೆ ಮಾತಾಡುವವರೆಗೆ ಊಟದಲ್ಲಿ ಕಾರ್ಬನ್ನು ಇನ್ನಷ್ಟು ಇಳಿಸುವುದಾಗಲೀ ಉಪವಾಸ ಮಾಡುವುದಾಗಲೀ ಬೇಡ. ನಾನು ಮೇಲೆ ಹೇಳಿದ ಲಕ್ಷಣಗಳಲ್ಲಿ ಯಾವುದು ಕಂಡರೂ ಗ್ಲುಕೋಮೀಟರಿನ ಅಂಕಿಯನ್ನು ನಂಬಿ ಕೂರದೆ ಆಸ್ಪತ್ರೆಗೆ ಕರೆದೊಯ್ದು ಕೀಟೋನ್ ಪರೀಕ್ಷೆ ಮಾಡಿಸಿ. ಜ್ವರ ಬಂದಾಗ, ಊಟ ಸೇರದಿದ್ದಾಗ, ಶಸ್ತ್ರಚಿಕಿತ್ಸೆಗೆ ಮುನ್ನ ಈ ಮಾತ್ರೆಯನ್ನು ಏನು ಮಾಡಬೇಕೆಂಬುದನ್ನೂ ಅದೇ ಭೇಟಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಒಲೆಯ_ಪಕ್ಕ

ವೈದ್ಯರು ಒಪ್ಪಿದ ಮೇಲೆ ಮಾಡುವಾಗ ಉಪಯೋಗಕ್ಕೆ ಬರಲೆಂದು ಉಳಿದ ಎರಡು ಮಾತು. ತಮ್ಮಲ್ಲಿರುವ ಪುಡಿಯನ್ನು ಚೆಲ್ಲಬೇಕಾಗಿಲ್ಲ. ನೀರನ್ನು ಅದು ಬೇಗ ಹಿಡಿಯುವುದರಿಂದ 6 ಗ್ರಾಂ ಬದಲು 4 ಗ್ರಾಂ ತೂಗಿ ಹಾಕಿ ನೋಡಿ, ಹಿಟ್ಟಿನ ಹದ ನೋಡಿಕೊಂಡು ಮುಂದಿನ ಸಲ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಕೆಲವು ಬಗೆಯ ಇಸಬಗೋಲಿನಿಂದ ಮಫಿನ್ನಿನ ಒಳಭಾಗ ನೇರಳೆ ಛಾಯೆಗೆ ತಿರುಗುತ್ತದೆ. ಅದರಿಂದ ಕೆಡುಕಿಲ್ಲ, ಗಾಬರಿಯಾಗಬೇಡಿ.

ಈ ಮಫಿನ್ನುಗಳಲ್ಲಿ ತೇವ ಹೆಚ್ಚು, ಕೆಡದಂತೆ ಕಾಯುವ ಸಕ್ಕರೆ ಇಲ್ಲ. ನಮ್ಮ ಕಡೆಯ ಬಿಸಿಲಿಗೆ ಡಬ್ಬಿಯಲ್ಲಿ ಹೊರಗಿಟ್ಟರೆ ಮರುದಿನಕ್ಕೇ ಬೂಸ್ಟು ಹಿಡಿಯಬಹುದು. ಪೂರ್ತಿ ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ, ಒಂದೊಂದನ್ನೇ ಸುತ್ತಿ ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳು ಚೆನ್ನಾಗಿರುತ್ತವೆ. ತಿನ್ನುವಾಗ ಅಡ್ಡಲಾಗಿ ಎರಡು ಹೋಳು ಮಾಡಿ, ಕಾವಲಿಯ ಮೇಲೆ ತುಸು ಬೆಣ್ಣೆ ಹಾಕಿ ಕತ್ತರಿಸಿದ ಮುಖ ಕೆಳಗಾಗಿ ಕೆಂಪಗೆ ಕಾಯಿಸಿದರೆ, ಒಳಗೆ ಸ್ವಲ್ಪ ಅಂಟು ಉಳಿದಿದ್ದರೂ ಅದು ಗರಿಯಾಗುತ್ತದೆ.